ಅಪರಿಚಿತರ ಕಣ್ಣಿಗೆ ನಿಮ್ಮ ವೆಬ್‌ಸೈಟ್

ಒಂದು ಸೆಕೆಂಡನ್ನು ಇಪ್ಪತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಿ. ಅಷ್ಟರಲ್ಲೇ ನಿಮ್ಮ ಪುಟ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುಗರ ಕಣ್ಣು ತೀರ್ಮಾನಿಸಿಬಿಡುತ್ತದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 50 ಮಿಲಿಸೆಕೆಂಡ್ ಮಾತ್ರ ಪುಟ ಕಂಡವರು ಕೊಟ್ಟ ಅಂಕಗಳು ಹೆಚ್ಚು ಹೊತ್ತು ನೋಡಿ ಕೊಟ್ಟ ಅಂಕಗಳಿಗೆ ಬಹುಮಟ್ಟಿಗೆ ತಾಳೆಯಾದವು. ಆದರೆ ಅಲ್ಲಿ ಅಳೆದದ್ದು ಅಂದವನ್ನು, ನಂಬಿಕೆಯನ್ನಲ್ಲ. ಅಂದ ಬಾಗಿಲು ತೆರೆಸುತ್ತದೆ, ಅಷ್ಟೆ. ಒಳಗೆ ಬಂದವರಿಗೆ ಅನುಮಾನ ಹುಟ್ಟಿಸುವ ಸಂಗತಿಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುವುದೇ ನಿಜವಾದ ಕೆಲಸ.

ಹಾಗಾಗಿ ಬಣ್ಣ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕೆಲಸದ ಗಂಧವೇ ಇಲ್ಲದ ಒಬ್ಬರಿಗೆ ಮುಖಪುಟವನ್ನು ಐದು ಸೆಕೆಂಡ್ ತೋರಿಸಿ, ಪರದೆ ಮುಚ್ಚಿಬಿಡಿ. ಇದು ಯಾರ ತಾಣ? ಇಲ್ಲಿ ಏನು ಸಿಗುತ್ತದೆ? ನೀವಾಗಿದ್ದರೆ ಮೊದಲು ಎಲ್ಲಿ ಒತ್ತುತ್ತಿದ್ದಿರಿ? ಈ ಮೂರು ಪ್ರಶ್ನೆ ಸಾಕು. ಅವರು ತಡವರಿಸಿದಾಗ ನೀವು ವಿವರಿಸಲು ಹೋಗಬೇಡಿ (ಬಾಯಿ ಕಟ್ಟಿಕೊಳ್ಳುವುದು ಕಷ್ಟ, ಗೊತ್ತು). ಉತ್ತರ ಬರದಿದ್ದರೆ ತಪ್ಪು ಪುಟದ್ದು. ಮುಖಪುಟದ ಮೇಲ್ಭಾಗದಲ್ಲಿ ‘ಸ್ವಾಗತ’ ಎಂದು ದೊಡ್ಡದಾಗಿ ಬರೆದ ಜಾಗದಲ್ಲಿ ನೀವು ಮಾಡುವ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿ.

ಮುಂದಿನದು ವೇಗ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಕ್ಯಾಮೆರಾದಿಂದ ಇಳಿಸಿದ ಫೋಟೊವನ್ನು ಹಾಗೇ ಏರಿಸಿದರೆ ಆ ಗಡುವು ಮೀರುವುದು ಸುಲಭ. ಗಾತ್ರ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪಕ್ಕೆ ಬದಲಿಸಿ ಹಾಕಿ. ನಿಧಾನಕ್ಕಿಂತಲೂ ಸಿಟ್ಟು ತರಿಸುವುದು ಪುಟದ ಜಿಗಿತ. ಬಟನ್ ಒತ್ತಲು ಬೆರಳು ಇಳಿಯುವಷ್ಟರಲ್ಲಿ ಮೇಲೊಂದು ಚಿತ್ರ ತಡವಾಗಿ ಬಂದು ಎಲ್ಲವನ್ನೂ ಕೆಳಗೆ ತಳ್ಳುತ್ತದೆ, ಒತ್ತಿದ್ದು ಜಾಹೀರಾತಾಗಿರುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರವನ್ನು ಕೋಡ್‌ನಲ್ಲಿ ಮೊದಲೇ ನಮೂದಿಸಿದರೆ ಬ್ರೌಸರ್ ಅದಕ್ಕೆ ಜಾಗ ಕಾದಿರಿಸುತ್ತದೆ, ಜಿಗಿತ ನಿಲ್ಲುತ್ತದೆ.

ಅಕ್ಷರಗಳ ವಿಷಯಕ್ಕೆ ಬರೋಣ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಬರೆಯುವ ಶೋಕಿ ಯಾವಾಗ ಹೋಗುತ್ತದೋ! ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದ ಹೊಳಪಿನ ವ್ಯತ್ಯಾಸ ಇರಬೇಕೆಂದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1 ಸಾಕು. ಕೋಡ್‌ನಲ್ಲಿ 777777 ಎಂದು ಬರೆಯುವ ಬೂದು ಬಣ್ಣಕ್ಕೆ ಬಿಳಿಯ ಮೇಲೆ ಸಿಗುವುದು 4.48, ಕೂದಲೆಳೆಯಲ್ಲಿ ಫೇಲು. 767676 ಆದರೆ 4.54, ಪಾಸು. ಅಷ್ಟು ಹತ್ತಿರ ಹೋಗದೆ ಇನ್ನೂ ಗಾಢ ಬಣ್ಣ ಆರಿಸುವುದು ಜಾಣತನ. ಕನ್ನಡದ ಪುಟವಾದರೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆದರೆ ಓದುವವರು ಅಲ್ಲೇ ಸೋಲುತ್ತಾರೆ.

ಇಷ್ಟಾದ ಮೇಲೆ ನೋಡುಗರು ಕೇಳುವುದು: ‘ಇವರು ಯಾರು?’ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ತಂಡ 2002ರಲ್ಲಿ 2,600ಕ್ಕೂ ಹೆಚ್ಚು ಜನರಿಂದ ವೆಬ್‌ಸೈಟುಗಳ ವಿಶ್ವಾಸಾರ್ಹತೆಯ ಬಗ್ಗೆ ಅಭಿಪ್ರಾಯ ಪಡೆದಾಗ, ಹೆಚ್ಚುಕಡಿಮೆ ಅರ್ಧದಷ್ಟು ಟಿಪ್ಪಣಿಗಳು ವಿನ್ಯಾಸದ ಬಗ್ಗೆಯೇ ಇದ್ದವು. ಹಾಗೆಂದು ವಿನ್ಯಾಸಕ್ಕೇ ಎಲ್ಲ ಹೊಣೆ ಹೊರಿಸಿ ಕೂರಬೇಡಿ. ವಿಳಾಸ, ಫೋನ್ ಸಂಖ್ಯೆ, ಹೊಣೆಗಾರರ ಹೆಸರು ಹುಡುಕದೆ ಸಿಗಬೇಕು. ಬಾಡಿಗೆ ನಗುಮುಖಗಳ ಫೋಟೊಗಿಂತ ಸಾಧಾರಣವಾಗಿ ತೆಗೆದ ನಿಮ್ಮವರದೇ ಚಿತ್ರ ಮೇಲು. ಬೆಲೆಯನ್ನು, ಸಾಗಣೆ ವೆಚ್ಚವನ್ನು ಕೊನೆಯ ಪುಟದವರೆಗೆ ಬಚ್ಚಿಡಬೇಡಿ. ಕಾಗುಣಿತ ತಿದ್ದಿ, ಸತ್ತ ಲಿಂಕ್ ಕಿತ್ತುಹಾಕಿ.

ನೋಡುಗರ ಮತ್ತು ತಾಣದ ನಡುವಿನ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಅದಿಲ್ಲದ ತಾಣಗಳಿಗೆ ಕ್ರೋಮ್ 2018ರ ಜುಲೈನಿಂದಲೇ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಉಚಿತವಾಗಿ ಕೊಡುತ್ತದೆ. ಆದರೆ ಇದರಿಂದ ಕಾಪಾಡಲ್ಪಡುವುದು ದಾರಿಯಲ್ಲಿ ಸಾಗುವ ಮಾಹಿತಿ ಮಾತ್ರ. ತಾಣದ ಮಾಲೀಕ ಸಾಚಾ ಎಂದೇನೂ ಇದು ಸಾರುವುದಿಲ್ಲ. ವಿಳಾಸಪಟ್ಟಿಯಲ್ಲಿ ಕಾಣುತ್ತಿದ್ದ ಬೀಗದ ಚಿಹ್ನೆಯನ್ನು ಜನ ಹಾಗೆಯೇ ತಪ್ಪು ತಿಳಿಯುತ್ತಿದ್ದಾರೆಂದು ಕ್ರೋಮ್ 2023ರಲ್ಲಿ ಅದನ್ನೇ ಬದಲಿಸಿತು.

ಕಟ್ಟಿದ ನಂಬಿಕೆಯನ್ನು ಕೆಡಿಸುವ ಉಪಾಯಗಳೂ ಇವೆ: ಪ್ರತಿ ಸಲ ಪುಟ ತೆರೆದಾಗಲೂ ಹೊಸದಾಗಿ ಶುರುವಾಗುವ ‘ಇನ್ನು ಹತ್ತೇ ನಿಮಿಷ’ ಗಡಿಯಾರ, ಒಂದು ಸಾಲು ಓದುವ ಮೊದಲೇ ಇಮೇಲ್ ಕೇಳುವ ಪಾಪ್‌ಅಪ್, ಮುಚ್ಚಲು ಕಾಣದಷ್ಟು ಸಣ್ಣ ಗುಣಾಕಾರ ಚಿಹ್ನೆ. ಇಂಥ ಕಣ್ಕಟ್ಟುಗಳಿಗೆ 2010ರಲ್ಲಿ ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಿಮ್ಮ ತಾಣದಲ್ಲಿ ಒಂದಿದ್ದರೂ ಇಂದೇ ತೆಗೆಯಿರಿ.

ಎಲ್ಲ ಮುಗಿದ ಮೇಲೆ ಐದು ಸೆಕೆಂಡಿನ ಪರೀಕ್ಷೆಯನ್ನು ಮತ್ತೆ ಮಾಡಿ. ಈ ಬಾರಿ ಹಳೆಯ, ನಿಧಾನವಾದ ಫೋನೊಂದರಲ್ಲಿ ತೋರಿಸಿ. ಮೊದಲ ಸಲ ಕೂರಿಸಿದವರನ್ನೇ ಕೂರಿಸಬೇಡಿ, ಅವರಿಗೆ ಉತ್ತರ ಗೊತ್ತಾಗಿಬಿಟ್ಟಿದೆ.