ಮನೆಕೆಲಸದಾಕೆಯ ಕಥೆ, ಮೂರು ಸಲ ಬರೆದಿದ್ದು

ಎರಡು ವರ್ಷದ ಹಿಂದೆ ಒಂದು ಕಥೆ ಶುರು ಮಾಡಿದ್ದೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿ, ಬಸ್ಸಲ್ಲಿ ಬಣ್ಣ ನೋಡಿ ಸೀಟು ಕೊಡೋದನ್ನ ವಿರೋಧಿಸಿ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟ 1955ರ ಬಸ್ ಬಹಿಷ್ಕಾರದ ದಿನಗಳು, ಬಿಳಿಯರ ಮನೇಲಿ ಅಡುಗೆ ಮಾಡೋ ಐವತ್ತು ವರ್ಷದ ಕಪ್ಪು ಹೆಂಗಸು. ಮೊದಲ ಡ್ರಾಫ್ಟ್‌ನಲ್ಲಿ ಯಜಮಾನಿ ತುಂಬ ಒಳ್ಳೆಯವಳು, ಸಂಜೆ ಉಳಿದ ಊಟ ಕಟ್ಟಿಕೊಡ್ತಾಳೆ, ಹಳೇ ಕೋಟು ಕೊಡ್ತಾಳೆ, ಕೊನೇಲಿ ಇಬ್ರೂ ಅಳ್ತಾರೆ. ಓದಿದ ಗೆಳತಿ ಕೇಳಿದ್ದು ಒಂದೇ, ಈಕೆಗೆ ವಾರಕ್ಕೆ ಸಂಬಳ ಎಷ್ಟು? ಇಡೀ ಕಥೇಲಿ ದುಡ್ಡಿನ ಮಾತೇ ಇರ್ಲಿಲ್ಲ.

ಆಮೇಲೆ ಓದೋಕೆ ಕೂತೆ. 1938ರಲ್ಲಿ ಅಲ್ಲಿ ಕನಿಷ್ಠ ಕೂಲಿ ಕಾನೂನು ಬಂತಲ್ಲ, ಮನೆಕೆಲಸದವರು ಅದರೊಳಗೆ ಬಂದಿದ್ದು 1974ರಲ್ಲಿ! ವಯಸ್ಸಾದ ಮೇಲೆ ಪಿಂಚಣಿ ಕೊಡೋ 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನಿನಲ್ಲೂ ಮೊದಲು ಅವರು ಹೊರಗೇ. ದಕ್ಷಿಣದಲ್ಲಿ ಈ ಕೆಲಸ ಮಾಡ್ತಿದ್ದೋರು ಹೆಚ್ಚುಪಾಲು ಕಪ್ಪು ಹೆಂಗಸರು, ಹಾಗಾಗಿ ಕಾನೂನಲ್ಲಿ ಬಣ್ಣದ ಮಾತೇ ಎತ್ತದಿದ್ರೂ ಏಟು ಬಿದ್ದಿದ್ದು ಅವರಿಗೇ. ನಾನು ಕರುಣೆ ಅಂತ ಬರೆದಿದ್ದ ಆ ಉಳಿದ ಊಟ, ಹಳೇ ಬಟ್ಟೆ, ಎಷ್ಟೋ ಮನೆಗಳಲ್ಲಿ ಸಂಬಳದ ಬದಲಿಗೇ ಕೊಡ್ತಿದ್ದಿದ್ದು. ಇದು ಗೊತ್ತಾದ ದಿನ ಇಡೀ ಡ್ರಾಫ್ಟ್ ತೆಗೆದು ಹಾಕಿದೆ.

ಎರಡನೇ ಸಲ ಸಿಕ್ಕಿಹಾಕ್ಕೊಂಡಿದ್ದು ಮಾತುಕತೇಲಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’, ಮೇಲು ಕೀಳು ಕಾಣೋದು ಕರೆಯೋ ಹೆಸರಲ್ಲಿ, ಐವತ್ತರ ಹೆಂಗಸನ್ನ ಮನೇ ಮಗುನೂ ಬರೀ ಹೆಸರು ಹಿಡಿದು ಕೂಗುತ್ತೆ, ಆಕೆ ಮಾತ್ರ ಮ್ಯಾಮ್, ಮಿಸ್ ಅನ್ನದೆ ಬಾಯಿ ತೆರೆಯೋ ಹಾಗಿಲ್ಲ. ನಾನು ಸಭ್ಯವಾಗಿರ್ಲಿ ಅಂತ ಯಜಮಾನಿ ಬಾಯಲ್ಲಿ ಬನ್ನಿ, ಹೋಗಿ ಅಂತ ಬರೆಸಿಬಿಟ್ಟಿದ್ದೆ, ಅಸಮಾನತೆಯೆಲ್ಲ ಅಲ್ಲೇ ಮುಚ್ಚಿಹೋಗಿತ್ತು. ತಿದ್ದಿ ಏಳು ವರ್ಷದ ಹುಡುಗಿ ಬಾಯಲ್ಲಿ ‘ಬಾರೇ’ ಅನ್ನಿಸಿದೆ, ಆ ಒಂದು ಪದ ಬರೆಯುವಾಗ ಕೈ ತಡೀತು. ಆಕೆ ಉತ್ತರಕ್ಕೆ ಮೊದಲು ‘ಅಮ್ಮಾವ್ರೇ’ ಹಾಕಿದ್ದೆ, ಆದ್ರೆ ತಕ್ಷಣ ಅದು ನಮ್ಮ ಕಡೆ ಜಮೀನ್ದಾರರ ಮನೆ ಥರ ಆಯ್ತು, ಬಡವ ಶ್ರೀಮಂತ ಉಳೀತು, ಬಣ್ಣ ಹೋಯ್ತು, ಅದಕ್ಕೇ ‘ಮ್ಯಾಮ್’ ಅಂತಲೇ ಇಟ್ಟೆ. ನಿರೂಪಣೇಲಿ ಮಾತ್ರ ಆಕೆಗೆ ‘ಅವರು’, ಯಜಮಾನಿಗೆ ‘ಅವಳು’. ಇದರ ಬಗ್ಗೆ ಒಬ್ರು ಜಗಳಾನೇ ಆಡಿದ್ರು, ನಾನು ಬದಲಾಯಿಸಲ್ಲ.

ಮೂರನೇ ಸಲ ಕಥೆ ನಿಂತಿದ್ದು ಕಾರಿನ ದೃಶ್ಯದ ಮೇಲೆ. ಬಹಿಷ್ಕಾರ ನಡೆದ 381 ದಿನದಲ್ಲಿ ಎಷ್ಟೋ ಬಿಳಿ ಹೆಂಗಸರು ತಾವೇ ಕಾರು ತಗೊಂಡು ಹೋಗಿ ಕೆಲಸದವರನ್ನ ಕರ್ಕೊಂಡು ಬರ್ತಿದ್ರು, ಮೇಯರ್ ಡಬ್ಲ್ಯು. ಎ. ಗೇಲ್ ನಿಲ್ಲಿಸಿ ಅಂತ ಕೇಳ್ಕೊಂಡ್ರೂ ಬಿಡ್ಲಿಲ್ಲ, ಬಿಟ್ರೆ ಮನೆ ಗುಡಿಸೋರು ಯಾರು, ಮಕ್ಕಳನ್ನ ನೋಡ್ಕೊಳ್ಳೋರು ಯಾರು? ನನ್ನ ಯಜಮಾನಿ ‘ನಿನಗೋಸ್ಕರ ಮೇಯರ್ ಮಾತು ಮೀರ್ತಿದ್ದೀನಿ’ ಅಂತಾಳೆ. ಹಿಂದಿನ ಸೀಟಲ್ಲಿ ಕೂತಿರೋ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ಭಾನುವಾರ ಅತಿಥಿಗಳು ಬಂದಿದ್ರಲ್ಲ ಮ್ಯಾಮ್, ಆವತ್ತಿನ ದುಡ್ಡು ಇನ್ನೂ ಬಂದಿಲ್ಲ ಅಂತಾರೆ. ಅಲ್ಲಿಗೇ ಕಥೆ ನಿಲ್ಲಿಸಿದೆ.

ಯಜಮಾನಿ ಪಾತ್ರ ಈಗಲೂ ಸಪ್ಪೆ ಅನ್ಸುತ್ತೆ. ಅವಳ ಗಂಡ ಮನೆಖರ್ಚಿಗೆ ಅಂತ ಅವಳ ಕೈಗೆ ಎಷ್ಟು ಕೊಡ್ತಿದ್ದ, ಅದರಲ್ಲಿ ಅವಳು ಯಾರ ಪಾಲಿಂದ ಉಳಿಸ್ತಿದ್ಲು ಅಂತ ನಾನು ಬರೆದೇ ಇಲ್ಲ, ಮುಂದಿನ ಕಥೆ ಅಲ್ಲಿಂದ ಶುರು ಮಾಡ್ತಿದ್ದೀನಿ.