ಒಟ್ಟು ತೂಕ ಸರಿಯಿದ್ದರೂ ಮೋಟರ್‌ಹೋಮ್‌ನ ಹಿಂದಿನ ಆ್ಯಕ್ಸಲ್‌ಗೆ ಭಾರ ಹೆಚ್ಚಾದಾಗ

ನಿವೃತ್ತಿಯ ನಂತರ ಯುರೋಪಿನಲ್ಲಿ ತಿಂಗಳುಗಟ್ಟಲೆ ಸುತ್ತಲು ಇಬ್ಬರು ಸಜ್ಜುಗೊಳಿಸಿದ, ಒಟ್ಟು ತೂಕಕ್ಕೆ 3,500 ಕೆ.ಜಿ. ಮಿತಿಯಿರುವ ಮೋಟರ್‌ಹೋಮ್, ಅಂದರೆ ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿ. ವೇಬ್ರಿಡ್ಜ್‌ನಲ್ಲಿ (ವಾಹನ ತೂಗುವ ಕಟ್ಟೆಯಲ್ಲಿ) ಒಟ್ಟು ತೂಕ ಮಿತಿಯೊಳಗೇ ಇತ್ತು, ಹಿಂದಿನ ಆ್ಯಕ್ಸಲ್ (ಹಿಂದಿನ ಚಕ್ರಗಳ ಅಚ್ಚು) ಮಾತ್ರ ತನ್ನ ಮಿತಿ ದಾಟಿತ್ತು. ತಯಾರಕರ ಪ್ಲೇಟ್‌ನಲ್ಲಿ ಆ್ಯಕ್ಸಲ್‌ಗಳ ಮಿತಿ ಬೇರೆಯಾಗಿಯೇ ಇರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.

ತಪ್ಪು ಇದ್ದದ್ದು ಬಾಲದಲ್ಲಿ ನೇತುಹಾಕಿದ ಸೈಕಲ್ ರ‍್ಯಾಕ್‌ನಲ್ಲಿ. ಎರಡು ಎಲೆಕ್ಟ್ರಿಕ್ ಸೈಕಲ್ ಸೇರಿ 60 ಕೆ.ಜಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 4 ಮೀಟರ್, ರ‍್ಯಾಕ್ ಹಿಂದಿನ ಚಕ್ರದಿಂದ 2 ಮೀಟರ್ ಆಚೆ. ಅಂದರೆ ಮುಂದಿನ ಚಕ್ರದಿಂದ ಒಟ್ಟು 6 ಮೀಟರ್. ಸನ್ನೆಗೋಲಿನ ಲೆಕ್ಕದಲ್ಲಿ 60 × 6 ÷ 4, ಅಂದರೆ ಹಿಂದಿನ ಆ್ಯಕ್ಸಲ್‌ಗೆ ಬೀಳುವುದು 90 ಕೆ.ಜಿ. ಮುಂದಿನ ಆ್ಯಕ್ಸಲ್ 30 ಕೆ.ಜಿ. ಹಗುರಾಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿ ಒದ್ದೆ ಹುಲ್ಲಿನ ಮೇಲೆ ಜಾರುವುದಕ್ಕೆ ಇದೂ ಒಂದು ಕಾರಣ.

ಸೈಕಲ್‌ಗಳ ಬ್ಯಾಟರಿ ಕಳಚಿ ಸೀಟಿನ ಹಿಂದೆ ಇಟ್ಟದ್ದು ಮೊದಲ ಕೆಲಸ. ಡಬ್ಬಿ ಆಹಾರ, ಉಪಕರಣಗಳ ಪೆಟ್ಟಿಗೆ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವಿನ ಕೆಳ ಕಪಾಟಿಗೆ ಹೋದವು. ಹೊರಡುವ ಮುನ್ನ 100 ಲೀಟರ್ ನೀರಿನ ಟ್ಯಾಂಕ್‌ನಲ್ಲಿ 20 ಲೀಟರ್ ಮಾತ್ರ. ಉಳಿದದ್ದನ್ನು ತಂಗುದಾಣದಲ್ಲೇ ತುಂಬಿಕೊಳ್ಳುವುದು. ಬಳಸಿದ ನೀರಿನ ಟ್ಯಾಂಕ್ ಪೂರ್ತಿ ಖಾಲಿ.

ಮತ್ತೆ ತೂಗುವಾಗ ಇಬ್ಬರೂ ಒಳಗೆ ಕುಳಿತಿರಬೇಕು, ಡೀಸೆಲ್ ಪೂರ್ತಿ ತುಂಬಿರಬೇಕು. ಇಡೀ ಗಾಡಿ, ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್ ಎಂದು ಮೂರು ಬಾರಿ ತೂಗಿ. ಟೈರ್ ಗಾಳಿಯ ಒತ್ತಡವನ್ನು ಈ ಅಂಕಿಗಳಿಗೆ ತಕ್ಕಂತೆ, ಟೈರ್ ತಯಾರಕರ ಕೋಷ್ಟಕ ನೋಡಿ, ಟೈರ್ ತಣ್ಣಗಿದ್ದಾಗಲೇ ಹೊಂದಿಸಿ.