ತ್ರೀ ನಾಟ್ ತ್ರೀಗೆ ತೋಟಾ ಕಟ್ಟಿ ಕಲಿತದ್ದು

ಕೊಡಗಿನ ಮನೆಯಲ್ಲಿ ಕೋವಿ ನೋಡುತ್ತಲೇ ಬೆಳೆದವನು ನಾನು. ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಅದರ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಅಮೆರಿಕಕ್ಕೆ ಬಂದ ಮೇಲೆ ನನಗೊಂದು ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್ ಸಿಕ್ಕಿತು. ನಮ್ಮೂರ ಪೊಲೀಸರ ಹೆಗಲ ಮೇಲಿರುತ್ತಿತ್ತಲ್ವಾ, ಆ ತ್ರೀ ನಾಟ್ ತ್ರೀ (.303) ಬಳಗದ್ದೇ.

ಅಷ್ಟರಲ್ಲಿ ಇನ್ನೊಂದು ಅಳತೆಯ ಕೋವಿ, .308 ವಿಂಚೆಸ್ಟರ್‌ಗೆ ಮನೆಯಲ್ಲೇ ತೋಟಾ ಕಟ್ಟುವುದು ಕೈಗೆ ಹತ್ತಿತ್ತು. ಹಾರಿಸಿ ಖಾಲಿಯಾದ ಕೇಸನ್ನು (ತೋಟಾದ ಹಿತ್ತಾಳೆ ಕೊಳವೆ) ಫುಲ್ ಲೆಂತ್ ಡೈಗೆ (ಇಡೀ ಕೇಸನ್ನು ಮೊದಲಿನ ಅಳತೆಗೆ ತರುವ ಅಚ್ಚು) ಒತ್ತು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಬಟ್ಟಲು) ಕೂರಿಸು, ಮದ್ದು ತೂಗಿ ಹಾಕು, ಗುಂಡು ಕೂರಿಸು. .303ಕ್ಕೂ ಹಾಗೇ ಮಾಡಿದೆ. ಮೂರನೇ ಸಲಕ್ಕೇ ಕೇಸು ಬಿರಿಯಿತು. ಕೋವಿಯ ಹಿಂಬಾಗಿಲಂತಿರುವ ಬೋಲ್ಟ್ ಎಳೆದರೆ ಬುಡ ಮಾತ್ರ ಈಚೆ ಬಂತು. ಉಳಿದ ಹಿತ್ತಾಳೆ ಕೊಳವೆ ತೋಟಾ ಕೂರುವ ಚೇಂಬರಿನಲ್ಲೇ ಸಿಕ್ಕಿಕೊಂಡಿತ್ತು. ಎದೆ ಝಲ್ಲೆಂದಿತು.

.303 ಹುಟ್ಟಿದ್ದು 1888ರ ಹೊತ್ತಿಗೆ. ಅದರ ಬುಡಕ್ಕೆ ರಿಮ್, ಅಂದರೆ ಹೊರಚಾಚಿದ ಅಂಚು ಇದೆ, ಕೋವಿ ಅದನ್ನು ಆ ರಿಮ್ಮಿನಲ್ಲಿ ಹಿಡಿದು ನಿಲ್ಲಿಸುತ್ತದೆ. .308 ನಿಲ್ಲುವುದು ಹೆಗಲಿನ ಮೇಲೆ, ಅಂದರೆ ಕೇಸು ಕುತ್ತಿಗೆಗೆ ಕಿರಿದಾಗುವ ಇಳಿಜಾರಿನ ಮೇಲೆ. ಕೆಸರು ಮೆತ್ತಿದ ತೋಟಾನೂ ಯುದ್ಧದಲ್ಲಿ ಒಳಗೆ ಹೋಗಬೇಕು, ಹಾಗಾಗಿ ಎನ್‌ಫೀಲ್ಡ್ ಚೇಂಬರ್ ಸಡಿಲ. ಸಿಡಿದಾಗ ಕೇಸಿನ ಹೆಗಲು ಮುಂದಕ್ಕೆ ಹೋಗುತ್ತಿತ್ತು, ನಾನು ಡೈಯಲ್ಲಿ ಹಿಂದಕ್ಕೆ ತಳ್ಳುತ್ತಿದ್ದೆ. ಪ್ರತಿ ಸಲವೂ ಬುಡದ ಮೇಲಿನ ಹಿತ್ತಾಳೆ ಹಿಗ್ಗಿ ತೆಳ್ಳಗಾಗುತ್ತಿತ್ತು. ಕೇಸಿನ ಆಯಸ್ಸು ಕಡಿಮೆ ಮಾಡಿದ್ದು ನನ್ನ ಡೈಯೇ.

ಈಗ ಗುಂಡು ಹಿಡಿಯುವ ಕುತ್ತಿಗೆ ಮಾತ್ರ ಬಿಗಿಮಾಡುತ್ತೇನೆ, ಹೆಗಲು ಮುಟ್ಟುವುದಿಲ್ಲ. ಹೊಸ ಕೇಸಾದರೆ ಮೊದಲ ಸಲ ರಿಮ್ಮಿನ ಮುಂದೆ ಒಂದು ಸಣ್ಣ ರಬ್ಬರ್ ಓ-ರಿಂಗ್ ಹಾಕುತ್ತೇನೆ. ಅದು ಕೇಸನ್ನು ಬೋಲ್ಟಿಗೆ ಒತ್ತಿ ಹಿಡಿಯುತ್ತದೆ, ಬುಡ ಹಿಗ್ಗುವುದಿಲ್ಲ. ಆ ಕೋವಿಯಲ್ಲಿ ಹಾರಿಸಿದ ಕೇಸು ಆ ಕೋವಿಗೇ ಮೀಸಲು. ಪ್ರತಿ ಸಲ ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಕೇಸಿನೊಳಗೆ ಇಳಿಸಿ, ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆಯುತ್ತೇನೆ. ಬುಡದ ಹತ್ತಿರ ಸಣ್ಣ ತಗ್ಗಿಗೆ ತುದಿ ತಡೆಯಿತೋ, ಕೇಸು ಗುಜರಿಗೆ.

ಗುಂಡಿನ ದಪ್ಪವೂ ಬೇರೆ. .308ಕ್ಕೆ 7.82 ಮಿ.ಮೀ., .303ಕ್ಕೆ ಸುಮಾರು 7.9. ಹಳೆಯ ನಳಿಗೆಗಳು ಇನ್ನೂ ಅಗಲವಿರಬಹುದು. ಮೆತ್ತನೆ ಸೀಸದ ಉಂಡೆಯನ್ನು ನಳಿಗೆಯಲ್ಲಿ ತೂರಿಸಿ ಅಳೆದೇ ಗುಂಡು ಕೊಳ್ಳಿ. ಒತ್ತಡದ ಮಿತಿ ಅಮೆರಿಕದ ಅಳತೆಯಲ್ಲಿ .303ಕ್ಕೆ ಚದರ ಇಂಚಿಗೆ 49,000 ಪೌಂಡ್ (ಪಿಎಸ್ಐ), .308ಕ್ಕೆ 62,000. ಒಂದರ ಮದ್ದಿನ ಲೆಕ್ಕ ಇನ್ನೊಂದಕ್ಕೆ ಯಾವತ್ತೂ ಬೇಡ. ತೋಟಾ ಕಟ್ಟುವ ಪುಸ್ತಕ ತೆರೆದು, ಅದರಲ್ಲಿ ಹೇಳಿದ ಕನಿಷ್ಠ ಮದ್ದಿನಿಂದಲೇ ಶುರುಮಾಡಿ.

ಸೈನ್ಯದ ಹಳೆ ಕೇಸು ಸಿಕ್ಕರೆ ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಒಂದು ತೂತಿನ ಬದಲು ಎರಡಿದ್ದರೆ ಅದು ಬರ್ಡನ್ ಬಗೆಯ ಪ್ರೈಮರಿನ ಕೇಸು, ಹಳೆ ಪ್ರೈಮರ್ ತಳ್ಳುವ ಡೈಯ ಸೂಜಿ ಮುರಿಯುತ್ತದೆ.

ಮೊನ್ನೆ ಹಳೆಯ ಡಬ್ಬಿಯ ಕೇಸುಗಳಿಗೆ ಕ್ಲಿಪ್ ಇಳಿಸಿದೆ. ಒಂಬತ್ತು ಸಲ ಹಾರಿದವು. ಒಂದರಲ್ಲೂ ತುದಿ ತಡೆಯಲಿಲ್ಲ.